ಹೊಡೆಯುವ ಬಂದೂಕಿನ ಸ್ಕ್ರೂ

ಕೊನೆಗೆ ಬಂದೂಕಿನ ಬ್ಯಾರೆಲ್ ಕೊಯ್ಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕತೆ ಕೇಳುವವರು ಉಗುರು ಕಚ್ಚಿಕೊಂಡು ಕೂರುವುದು ನನಗೆ ಇಷ್ಟವಿಲ್ಲ, ನಾನೊಬ್ಬ ಕಚ್ಚಿದ್ದೇ ಸಾಕು. ಬೀಸುವ ದೊಣ್ಣೆ ತಪ್ಪಿದರೆ ನೂರು ವರ್ಷ ಆಯಸ್ಸು ಅನ್ನುತ್ತಾರೆ. ನಮ್ಮ ಮನೆಯಲ್ಲಿ ತಪ್ಪಿದ್ದು ದೊಣ್ಣೆಯಲ್ಲ, ಗರಗಸ. ಆಯಸ್ಸು ಎಷ್ಟು ಹೆಚ್ಚಿತೋ ಗೊತ್ತಿಲ್ಲ, ರಾತ್ರಿ ನಿದ್ದೆಯಂತೂ ಬರುತ್ತಿದೆ.

ಬಂದೂಕು ನನ್ನದಲ್ಲ, ನನ್ನ ಹೆಂಡತಿಯದು. ನಾನು ದರ್ಜಿ, ನನ್ನ ಆಯುಧ ಕತ್ತರಿ. ಅವಳು ಬಸ್ ಡಿಪೋದಲ್ಲಿ ಟಿಕೆಟ್ ಕೊಡುವವಳು. ವಾರವಿಡೀ ಕಿಟಕಿಯ ಸಣ್ಣ ಕಿಂಡಿಯಿಂದ ಒಳಗೆ ಬರುವ ಕೈಗಳನ್ನು ನೋಡುತ್ತಾಳೆ. ಭಾನುವಾರ ಬೆಳಿಗ್ಗೆ ಊರಾಚೆಯ ಗುರಿ ಕ್ಲಬ್ಬಿಗೆ ಹೋಗಿ, ಐವತ್ತು ಮೀಟರ್ ದೂರದಲ್ಲಿರುವ ಕಾಗದದ ಕಪ್ಪು ಚುಕ್ಕೆಯನ್ನು ನೋಡುತ್ತಾಳೆ. "ಎರಡೂ ಕಿಂಡಿ ಕೆಲಸವೇ. ಆದ್ರೆ ಚುಕ್ಕೆ ಚಿಲ್ಲರೆಗೆ ಜಗಳ ಆಡಲ್ಲ" ಅನ್ನುತ್ತಾಳೆ. ಮದುವೆಯಾದ ಹೊಸದರಲ್ಲಿ ಗೆಳೆಯರು ನನ್ನನ್ನು ಬಹಳ ಕಾಡಿಸುತ್ತಿದ್ದರು. ಮನೆಯಲ್ಲಿ ಬಂದೂಕು ಹಿಡಿಯುವ ಹೆಂಡತಿ ಇದ್ದರೆ ಗಂಡ ಬಾಯಿ ಬಿಡುವುದುಂಟೇ ಎಂದು. ಬಂದೂಕು ಮನೆಯಲ್ಲಿ ಇರುವುದಿಲ್ಲ, ಕ್ಲಬ್ಬಿನ ಕಬ್ಬಿಣದ ಬೀರುವಿನಲ್ಲಿ ಇರುತ್ತದೆ ಎಂದು ಎಷ್ಟು ಹೇಳಿದರೂ ಅವರಿಗೆ ಬೇಕಾದದ್ದು ನಗು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಒಂದಿಬ್ಬರ ಪ್ಯಾಂಟನ್ನು ಬೇಕಂತಲೇ ಬಿಗಿಯಾಗಿ ಹೊಲಿದುಕೊಟ್ಟಿದ್ದೇನೆ.

ಅವಳ ಬಂದೂಕು ಬೇಟೆಯದಲ್ಲ. ಗುರಿ ಆಟಕ್ಕೆಂದೇ ಮಾಡಿದ ರೈಫಲ್. ಅದರ ಬ್ಯಾರೆಲ್ ನನ್ನ ಹೆಬ್ಬೆರಳಿಗಿಂತ ದಪ್ಪ, ತುದಿಯವರೆಗೂ ಒಂದೇ ದಪ್ಪ. ಮುಂದೆ ಭಾರ ಇದ್ದಷ್ಟೂ ತುದಿ ಅಲುಗುವುದು ಕಡಿಮೆಯಂತೆ. ಕ್ಲಬ್ಬಿನಲ್ಲಿ ಅದಕ್ಕಿಂತ ಭಾರದ ಬಂದೂಕು ಇನ್ನೊಂದಿಲ್ಲ. ಗಂಡಸರು ಎತ್ತಿ ನೋಡಿ, "ಅಬ್ಬಾ, ದಪ್ಪ ಬ್ಯಾರೆಲ್ ಅಂದ್ರೆ ಇದಪ್ಪಾ" ಎಂದು ವಾಪಸ್ ಇಡುತ್ತಿದ್ದರು. ಇವಳು ಮಾತ್ರ ಎಡ ಮೊಣಕೈಯನ್ನು ಸೊಂಟಕ್ಕೆ ಒತ್ತಿಕೊಂಡು, ಅದನ್ನು ಕಣ್ಣಿನ ಎತ್ತರಕ್ಕೆ ಹಿಡಿದು ಗೋಡೆಯ ಹಾಗೆ ನಿಲ್ಲುತ್ತಿದ್ದಳು. ಮೂಗಿಗಿಂತ ಮೂಗುತಿ ಭಾರ ಎಂದು ನಾನು ರೇಗಿಸಿದರೆ, "ಮೂಗು ಗಟ್ಟಿ ಇದೆ ಬಿಡಿ" ಅನ್ನುವಳು.

ಆ ಗಟ್ಟಿ ಮೂಗಿಗೂ ಏಟು ಬಿತ್ತು. ಡಿಪೋದ ಮೆಟ್ಟಿಲು ತೊಳೆದು ಒರೆಸದೆ ಬಿಟ್ಟಿದ್ದರು. ಜಾರಿ ಬಿದ್ದವಳ ಎಡ ಭುಜ ಕೀಲು ತಪ್ಪಿತು. ಕೂರಿಸಿದರು, ಪಟ್ಟಿ ಕಟ್ಟಿದರು, ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಿದರು. ತಲೆ ಬಾಚಿಕೊಳ್ಳಲು ಆಯಿತು, ಬಕೆಟ್ ಎತ್ತಲು ಆಯಿತು. ಬಂದೂಕು ಎತ್ತಲು ಮಾತ್ರ ಆಗಲಿಲ್ಲ. ಎತ್ತುತ್ತಾಳೆ, ಕೆನ್ನೆಗೆ ತಾಗಿಸುತ್ತಾಳೆ, ಒಂದು ಉಸಿರು ಬಿಡುವಷ್ಟರಲ್ಲಿ ಬ್ಯಾರೆಲ್ಲಿನ ತುದಿ ನೆಲದ ಕಡೆ ಬಾಗುತ್ತದೆ. ಭುಜದ ವೈದ್ಯೆ ನೇರವಾಗಿಯೇ ಹೇಳಿದರು.

"ಒಂದು ಕಿಲೋ ಆದ್ರೂ ಕಡಿಮೆಯಾದ್ರೆ ನಿಂತು ಹೊಡೀರಿ, ನನ್ನದೇನೂ ಅಡ್ಡಿ ಇಲ್ಲ. ಇಲ್ಲಾಂದ್ರೆ ಇದನ್ನ ಬಿಟ್ಟುಬಿಡಿ. ಇನ್ನೊಂದು ಸಲ ಕೀಲು ತಪ್ಪಿದ್ರೆ ಬಾಚಣಿಗೆ ಹಿಡಿಯೋದೂ ಕಷ್ಟ ಆಗುತ್ತೆ."

ಅವತ್ತು ಮನೆಗೆ ಬಂದವಳು ಬಟ್ಟೆ ಬೀರುವನ್ನು ಖಾಲಿ ಮಾಡಿ ಮತ್ತೆ ಜೋಡಿಸಿದಳು. ಟಿಕೆಟ್ ಕಿಟಕಿಯಲ್ಲಿ ಬೈಸಿಕೊಂಡು ಬಂದ ದಿನಗಳಲ್ಲೂ ಅವಳು ನಗುತ್ತಿದ್ದದ್ದು ಭಾನುವಾರ ಬರುತ್ತದೆ ಎಂಬ ಧೈರ್ಯದಿಂದ. ಆ ಭಾನುವಾರ ಹೋದರೆ ಅವಳಿಗೆ ಏನು ಉಳಿಯುತ್ತದೆ ಎಂದು ನನಗೆ ನಿಜವಾಗಿಯೂ ಭಯವಾಯಿತು.

ಕ್ಲಬ್ಬಿನ ಹಿಂದೆ ತಗಡಿನ ಚಾವಣಿಯ ರಿಪೇರಿ ಕೋಣೆ ಇದೆ. ಅಲ್ಲಿಯ ಮೇಸ್ತ್ರಿ ಎರಡು ದಾರಿ ಹೇಳಿದ. ಒಂದು, ಇರುವ ಬ್ಯಾರೆಲ್ಲನ್ನೇ ಮುಂದಿನಿಂದ ಒಂದು ಗೇಣು ಕೊಯ್ದು, ಲೇತ್ ಯಂತ್ರಕ್ಕೆ ಹಾಕಿ ಮೈ ತೆಳುವು ಮಾಡುವುದು. ಎರಡು, ಅದನ್ನು ತೆಗೆದುಹಾಕಿ ಹಗುರದ ಹೊಸ ಬ್ಯಾರೆಲ್ ಕೂರಿಸುವುದು.

"ಕೊಯ್ದ್ರೆ ಗುರಿ ಹಾಗೇ ಉಳಿಯುತ್ತಾ?" ಎಂದು ಇವಳು ಕೇಳಿದಳು.

"ಉಳಿದ್ರೂ ಉಳೀಬಹುದು ಅಕ್ಕಾ. ಕೆಲವು ಬ್ಯಾರೆಲ್ ತೆಳುವು ಮಾಡಿದ ಮೇಲೆ ಬಿಸಿಯಾದ ಹಾಗೆ ಗುಂಡನ್ನ ಎಲ್ಲೆಲ್ಲೋ ಎಸೆಯುತ್ತವೆ. ಕೊಯ್ದ ಮೇಲೇ ಗೊತ್ತಾಗೋದು."

"ಹೊಸದಾದ್ರೆ?"

"ಹೊಸದು ಹೊಸದೇ ಅಲ್ವಾ. ಬರೋಕೆ ಕಾಯಬೇಕು, ಅನುಮತಿ ಕಾಗದ ಆಗಬೇಕು, ಯಾವ ಗುಂಡು ಅದಕ್ಕೆ ಒಗ್ಗುತ್ತೆ ನೋಡಬೇಕು. ನಿಮ್ಮ ಹಳೇದರ ಹಾಗೆ ಹೊಡೆಯುತ್ತೆ ಅಂತ ನಾನು ಮಾತು ಕೊಡಲ್ಲ."

ಅತ್ತ ದರಿ, ಇತ್ತ ಪುಲಿ. ತಿದ್ದುವುದೋ ಹೊಸದು ಹೊಲಿಸುವುದೋ ಎಂದು ನನ್ನ ಅಂಗಡಿಗೆ ದಿನವೂ ಯಾರಾದರೂ ಹಳೇ ಕೋಟು ಹಿಡಿದುಕೊಂಡು ಬರುತ್ತಾರೆ. ನಾನು ಬಟ್ಟೆಯನ್ನು ಬೆಳಕಿಗೆ ಹಿಡಿದು ಠಕ್ಕನೆ ಉತ್ತರ ಹೇಳುತ್ತೇನೆ. ಹೆಂಡತಿಯ ಬಂದೂಕಿನ ವಿಷಯದಲ್ಲಿ ಮಾತ್ರ ನನ್ನ ನಾಲಿಗೆ ಬಿದ್ದುಹೋಯಿತು. ಕೋಟಾದರೆ ಅಂಚಿನಲ್ಲಿ ಮಡಿಚಿದ ಬಟ್ಟೆ ಇರುತ್ತದೆ, ತಪ್ಪಿದರೆ ಬಿಚ್ಚಬಹುದು. ಕಬ್ಬಿಣಕ್ಕೆ ಮಡಿಕೆ ಎಲ್ಲಿದೆ? ಇವಳು ಒಂದು ದಿನ ಕೊಯ್ಸೋಣ ಅನ್ನುವಳು, ಮರುದಿನ ಬೇಡ ಹೊಸದೇ ಹಾಕಿಸೋಣ ಅನ್ನುವಳು, ಮೂರನೆಯ ದಿನ ಎರಡೂ ಬೇಡ, ಬಿಟ್ಟೇಬಿಡ್ತೀನಿ ಎಂದು ಗೋಡೆ ಕಡೆ ತಿರುಗಿ ಮಲಗುವಳು. ನಾನು ಮೂರಕ್ಕೂ ಹೂಂ ಅಂದೆ. ಮೂರಕ್ಕೂ ಬೈಸಿಕೊಂಡೆ.

ಇಲ್ಲಿ ನನ್ನ ಮಾವನ ವಿಷಯ ಹೇಳಬೇಕು. ಇವಳ ಅಪ್ಪ ನಮ್ಮ ಜೊತೆಯಲ್ಲೇ ಇದ್ದಾರೆ. ನಲ್ಲಿ, ಪೈಪು ಕೂರಿಸುವ ಕೆಲಸ ಮಾಡಿದವರು. ಅವರ ಕಾಲದಲ್ಲಿ ಪೈಪಿನ ಕೀಲುಗಳಿಗೆ ಸೀಸ ಕರಗಿಸಿ ಹೊಯ್ಯುತ್ತಿದ್ದರಂತೆ. ಬೀದಿಯವರಿಗೆ ಇವತ್ತಿಗೂ ಅವರು 'ಪೈಪಣ್ಣ'. ಎಂಬತ್ತು ದಾಟಿದರೂ ಯಾರ ಮನೆಯಲ್ಲಿ ನಲ್ಲಿ ತೊಟ್ಟಿಕ್ಕಿದರೂ ಇವರಿಗೆ ನಿದ್ದೆ ಬರುವುದಿಲ್ಲ. ಈ ಅಪ್ಪ ಮಗಳು ಒಬ್ಬರಿಗೊಬ್ಬರು ಪ್ರಾಣ, ಆದರೆ ನೇರವಾಗಿ ಮಾತಾಡುವುದಿಲ್ಲ. ಜಗಳ ಏನೂ ಇಲ್ಲ. ಮೊದಲಿನಿಂದಲೂ ಹಾಗೆಯೇ. ಅತ್ತೆ ಇದ್ದಾಗ ಎಲ್ಲ ಮಾತೂ ಅತ್ತೆಯ ಮೂಲಕ ಹೋಗುತ್ತಿತ್ತು. "ಅವಳಿಗೆ ಹೇಳು, ಕೊಡೆ ತಗೊಂಡು ಹೋಗಲಿ." "ಅಪ್ಪನಿಗೆ ಹೇಳಮ್ಮಾ, ಮೋಡ ಇಲ್ಲ." ಇಬ್ಬರೂ ಒಂದೇ ಮೇಜಿನ ಎದುರುಬದುರು ಕೂತಿರುತ್ತಿದ್ದರು! ಅತ್ತೆ ತೀರಿಕೊಂಡ ಮೇಲೆ ಆ ಉದ್ಯೋಗ ಸಂಬಳವಿಲ್ಲದೆ ನನ್ನ ಪಾಲಿಗೆ ಬಂತು. ನನಗೆ ಮೈ ಉರಿಯುತ್ತದೆ. "ಅವರ ಕಿವಿ ಚೆನ್ನಾಗಿದೆ, ನೀನೇ ಹೇಳು" ಎಂದು ಎಷ್ಟೋ ಸಲ ಕೂಗಾಡಿದ್ದೇನೆ. ಮಾವ ಸಮಾಧಾನವಾಗಿ, "ಯಾಕೆ ಕೂಗಾಡ್ತಿದ್ದೀರಿ ಅಂತ ಅವಳು ಬೇಜಾರು ಮಾಡ್ಕೊಂಡಾಳು, ಏನಿಲ್ಲ ಅಂತ ಹೇಳಿಬಿಡಿ" ಅನ್ನುತ್ತಾರೆ. ಇನ್ನು ಇವರ ಹತ್ತಿರ ಏನು ಮಾತಾಡುವುದು?

ಇವಳ ಕೈಗೆ ಬಂದೂಕು ಬಂದದ್ದೂ ಮಾವನಿಂದಲೇ. ಕ್ಲಬ್ಬಿನ ನೀರಿನ ತೊಟ್ಟಿ ರಿಪೇರಿಗೆ ಹೋದಾಗ ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಗುರಿ ಕಲಿಸುವ ಗುರುಗಳು ತಮಾಷೆಗೆ ಹುಡುಗಿಯ ಕೈಗೆ ಬಂದೂಕು ಕೊಟ್ಟರು. ಕೈ ಗಡಗಡ ನಡುಗುತ್ತಿದ್ದರೂ ಹುಡುಗಿ ಚುಕ್ಕೆಯ ಅಂಚಿಗೆ ತಾಗಿಸಿದಳು. ಬಂದೂಕು ಬಿಡಲು ಮನಸ್ಸೇ ಇಲ್ಲದೆ ಅತ್ತಳಂತೆ. ಮಾವ ಸದ್ದಿಲ್ಲದೆ ದುಡ್ಡು ಕೂಡಿಸತೊಡಗಿದರು. ಕೆಲವು ತಿಂಗಳ ಮೇಲೆ ಯಾರೋ ಬಳಸಿ ಬಿಟ್ಟ ಈ ರೈಫಲ್ ಅವಳ ಹೆಸರಿಗೆ ಬಂತು. ಮೊದಲನೆಯ ಪಂದ್ಯದಲ್ಲಿ ಕೈ ನಡುಕ ನಿಲ್ಲದೆ ಕೊನೆಯವಳಾದಳು. ಎರಡನೆಯದಕ್ಕೆ ನಡುಕ ಮಾಯ. ಆಮೇಲೆ ತಿರುಗಿ ನೋಡಿದ್ದಿಲ್ಲ. ನಮ್ಮ ಷೋಕೇಸಿನಲ್ಲಿರುವ ಬಹುಮಾನದ ಕಪ್ಪುಗಳನ್ನು ವಾರಕ್ಕೊಮ್ಮೆ ಒರೆಸುವವನು ನಾನೇ, ಅವುಗಳ ಲೆಕ್ಕ ನನ್ನ ಬೆನ್ನಿಗೆ ಗೊತ್ತು.

ಅಂದಿನಿಂದ ಆ ಬಂದೂಕನ್ನು ಯಾರೂ ಬಿಚ್ಚಿಲ್ಲ. ಕ್ಲಬ್ಬಿನಲ್ಲಿ ಒಂದು ನಂಬಿಕೆ ಇದೆ. ಹೊಡೆಯುವ, ಅಂದರೆ ಗುರಿ ತಪ್ಪದೆ ಗೆಲ್ಲುತ್ತಿರುವ, ಬಂದೂಕಿನ ಸ್ಕ್ರೂ ಮುಟ್ಟಬಾರದು. ಬ್ಯಾರೆಲ್ಲನ್ನು ಅದರ ಕೆಳಗಿನ ಮರದ ಹಿಡಿಗೆ ಬಿಗಿದಿರುವ ಸ್ಕ್ರೂ ಒಂದು ಎಳೆ ಸಡಿಲವಾದರೂ ಗುಂಡು ಬೇರೆ ಕಡೆ ಬೀಳುತ್ತದಂತೆ. ಆದ್ದರಿಂದ ಮೇಲಿಂದ ಒರೆಸುತ್ತಾರೆ, ಹಿಂದಿನಿಂದ ಸರಳು ತೂರಿಸಿ ಒಳಗೆ ಶುದ್ಧ ಮಾಡುತ್ತಾರೆ, ಮರದಿಂದ ಬೇರೆ ಮಾಡುವುದಿಲ್ಲ. ಗೋಡೆಗೂ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿದ್ದಾರೆ. ಹೊಸದಾಗಿ ಬಂದವರಿಗೆ ನಮಸ್ಕಾರ ಹೇಳುವ ಮುಂಚೆ ಅದನ್ನು ಹೇಳುತ್ತಾರೆ.

ಕೊನೆಗೆ ಇವಳು ಕೊಯ್ಸುವುದೆಂದು ನಿಶ್ಚಯ ಮಾಡಿದಳು. "ಹಾಳಾದ್ರೆ ನನ್ನ ಬ್ಯಾರೆಲ್ಲೇ ಹಾಳಾಗಲಿ. ಬೇರೆಯದನ್ನ ತಂದು ಇದನ್ನ ಮೂಲೆಗೆ ಹಾಕೋಕೆ ನನಗೆ ಮನಸ್ಸಿಲ್ಲ." ಒಂದೇ ಷರತ್ತು. "ಅಪ್ಪನಿಗೆ ಹೇಳಬೇಡಿ. ಅವರು ಕೊಡಿಸಿದ್ದು. ಆಮೇಲೆ ನಿಧಾನವಾಗಿ ಹೇಳೋಣ." ಎಲ್ಲವನ್ನೂ ನನ್ನ ಬಾಯಿಂದಲೇ ಹೇಳಿಸುವ ಮನೆಯಲ್ಲಿ ಇದೊಂದನ್ನು ಹೇಳಬಾರದಂತೆ!

ಗೊತ್ತು ಮಾಡಿದ ದಿನ ಬೆಳಿಗ್ಗೆ ಅವಳು ಮೊದಲೇ ಹೊರಟುಹೋದಳು. ನಾನು ಅಂಗಡಿಗೆ ರಜೆ ಹಾಕಿ ಬೂಟು ಹಾಕಿಕೊಳ್ಳುತ್ತಿದ್ದೆ. ಮಾವ ಚಹಾ ಕುಡಿಯುತ್ತಾ ಕೇಳಿದರು.

"ಇವತ್ತು ಭಾನುವಾರ ಅಲ್ಲವಲ್ಲ. ಅವಳು ಕ್ಲಬ್ಬಿನ ಚೀಲ ತಗೊಂಡು ಹೋದಳು?"

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಅದು ಊರಿಗೇ ಗೊತ್ತು. ಭುಜ, ವೈದ್ಯೆ, ಒಂದು ಕಿಲೋ, ಗರಗಸ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿಬಿಟ್ಟೆ. ಮಾವ ಅಳುತ್ತಾರೇನೋ ಅಂದುಕೊಂಡಿದ್ದೆ. ಅವರು ಲೋಟ ಕೆಳಗಿಟ್ಟು ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದರು.

"ಬ್ಯಾರೆಲ್ ಯಾಕೆ ಕೊಯ್ಯಬೇಕು? ಕೆಳಗಿನ ಮರ ನೋಡಿದ್ರಾ?"

"ಮರದಲ್ಲಿ ಏನಿದೆ ಮಾವ?"

"ನಡೀರಿ, ಸ್ಕೂಟರ್ ತೆಗೀರಿ" ಎಂದು ಎದ್ದವರು ಹಳೇ ಕೆಲಸದ ಚೀಲದಿಂದ ಒಂದು ತೆಳು ಉಳಿಯನ್ನು ಆರಿಸಿ ಜೇಬಿಗೆ ಹಾಕಿಕೊಂಡರು. ದಾರಿಯುದ್ದಕ್ಕೂ ನಾನು ಏನು ವಿಷಯ ಎಂದು ಕೇಳಿದೆ. ಅವರು ಬೆನ್ನಿಗೆ ತಿವಿದು "ಬೇಗ" ಎಂದದ್ದು ಬಿಟ್ಟರೆ ಇನ್ನೇನೂ ಹೇಳಲಿಲ್ಲ. ಕೆಂಪು ದೀಪಕ್ಕೆ ನಿಂತಾಗಲೂ ತಿವಿದರು.

ನಾವು ರಿಪೇರಿ ಕೋಣೆಗೆ ನುಗ್ಗಿದಾಗ ಮೇಸ್ತ್ರಿ ಆ ಸ್ಕ್ರೂಗಳನ್ನು ಅಂತೂ ಬಿಚ್ಚಿದ್ದ. ಬ್ಯಾರೆಲ್ ಮರದಿಂದ ಬೇರೆಯಾಗಿ ಬೆಂಚಿನ ಇಕ್ಕಳಕ್ಕೆ ಸಿಕ್ಕಿಕೊಂಡು ಕೂತಿತ್ತು, ಕೊಯ್ಯುವ ಜಾಗಕ್ಕೆ ಸೀಮೆಸುಣ್ಣದ ಗೆರೆ ಬಿದ್ದಿತ್ತು. ಗರಗಸ ಮೇಸ್ತ್ರಿಯ ಕೈಯಲ್ಲಿ. ಇವಳು ನೋಡಲಾರದೆ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. ಬಾಗಿಲಿನಲ್ಲೇ ಮಾವ ನನ್ನ ತೋಳು ಹಿಡಿದರು.

"ನಿಲ್ಲಿಸೋಕೆ ಹೇಳಿ."

"ನಿಲ್ಲಿಸ್ರೀ!" ಎಂದು ನಾನು ಕಿರುಚಿದ ರಭಸಕ್ಕೆ ಮೇಸ್ತ್ರಿ ಗರಗಸ ಕಾಲ ಮೇಲೆ ಬೀಳಿಸಿಕೊಂಡ.

ಎಲ್ಲರ ಕಣ್ಣೂ ಬ್ಯಾರೆಲ್ ಮೇಲಿದ್ದರೆ, ಮಾವ ಅದರ ಕಡೆ ತಿರುಗಿಯೂ ನೋಡಲಿಲ್ಲ. ಬೆಂಚಿನ ಮೂಲೆಯಲ್ಲಿ ಬಿದ್ದಿದ್ದ ಮರವನ್ನು ಎಳೆದುಕೊಂಡರು. ಬ್ಯಾರೆಲ್ ಮಲಗುವ ಉದ್ದ ಕಾಲುವೆಯೊಳಗೆ ಬೆರಳಾಡಿಸಿ, ಒಂದು ಕಡೆ ಉಳಿಯ ತುದಿ ತೂರಿಸಿ ಮೆಲ್ಲಗೆ ಮೀಟಿದರು. ಅಂಟಿಸಿದ್ದ ತೆಳು ಪಟ್ಟಿಯೊಂದು ಟಕ್ಕೆಂದು ಎದ್ದುಬಂತು. ಅದರ ಕೆಳಗೆ ಮರವನ್ನು ಕೊರೆದು, ಸಾಲಾಗಿ ಒತ್ತಿ ಕೂರಿಸಿದ್ದ ಬೂದು ಬಣ್ಣದ ಸೀಸದ ಗಟ್ಟಿಗಳು. ಮಾವ ಒಂದೊಂದನ್ನೇ ಎಬ್ಬಿಸಿ ಮೇಸ್ತ್ರಿಯ ತಕ್ಕಡಿಗೆ ಹಾಕಿದರು. ಮುಳ್ಳು ಒಂದೂವರೆ ಕಿಲೋ ದಾಟಿ ನಿಂತಿತು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕುವುದು ಎಂದರೆ ಇದೇ.

"ಮರ ಎತ್ತಿಟ್ಟಾಗ ಭಾರ ಅನ್ನಿಸ್ತು" ಎಂದ ಮೇಸ್ತ್ರಿ, ಕಾಲು ಉಜ್ಜಿಕೊಳ್ಳುತ್ತಾ. "ಹಳೇ ಕಾಲದ ಗಟ್ಟಿ ಮರ ಇರಬೇಕು ಅಂದ್ಕೊಂಡೆ."

ಇವಳು ತಕ್ಕಡಿಯನ್ನೇ ನೋಡುತ್ತಿದ್ದಳು. ಮಾವ ಎಂದಿನಂತೆ ನನ್ನ ಕಡೆ ತಿರುಗಿದರು.

"ಇದು ಅವಳಿಗೆ ಗೊತ್ತಿಲ್ವಾ? ಅವಳ ಅಮ್ಮನಿಗೆ ಅವತ್ತೇ ಹೇಳಿದ್ನಲ್ಲ. ಮೊದಲನೇ ಪಂದ್ಯದಲ್ಲಿ ಕೈ ನಡುಗ್ತು ಅಂತ ಅಳ್ತಾ ಇದ್ದಳು. ಮುಂದೆ ಭಾರ ಇದ್ರೆ ಅಲುಗಲ್ಲ ಅಂತ ಗುರುಗಳು ಹೇಳಿದ್ರು. ನನ್ನ ಹತ್ರ ಸೀಸ ಇತ್ತು. ಹಾಕಿದೆ. ಹೀಗೆ ಮಾಡಿದೀನಿ ಅಂತ ಅವಳಿಗೆ ಹೇಳು ಅಂದಿದ್ದೆ."

ಅತ್ತೆ ಹೇಳಿರಲಿಲ್ಲ. ಮರೆತರೋ, ನಡುಕ ತಾನಾಗಿ ನಿಂತಿತು ಎಂದು ಮಗಳು ನಂಬಿಕೊಳ್ಳಲಿ ಎಂದು ಬೇಕಂತಲೇ ಬಿಟ್ಟರೋ, ಕೇಳೋಣವೆಂದರೆ ಅವರಿಲ್ಲ. ಮಗಳಿಗೆ ಗೊತ್ತಿದೆ ಎಂದು ಅಪ್ಪ ಸುಮ್ಮನಿದ್ದರು. ಬಂದೂಕು ಆಗಿನ್ನೂ ಕೈಗೆ ಹೊಸದು, ಅದರ ಭಾರವೇ ಅಷ್ಟು ಅಂದುಕೊಂಡ ಮಗಳಿಗೆ ಕೇಳುವುದಕ್ಕೆ ಏನೋ ಇದೆಯೆಂದೇ ಗೊತ್ತಿರಲಿಲ್ಲ. ಇಷ್ಟು ವರ್ಷ ಒಂದೇ ಸೂರಿನ ಕೆಳಗೆ!

ಬ್ಯಾರೆಲ್ ಉಳಿಯಿತು, ಭಾರ ಇಳಿಯಿತು. ನನಗೆ ಹಾಲು ಕುಡಿದಷ್ಟು ಸಂತೋಷವಾಗಿ ಮೇಸ್ತ್ರಿಯನ್ನು ತಬ್ಬಿಕೊಂಡೆ. ಆದರೆ ಇವಳ ಮುಖ ಬಿಳುಚಿತ್ತು. ಅವಳು ನನ್ನ ಕಡೆ ಬಂದಳು. ಏನನ್ನೋ ಹೇಳಿ ಕಳಿಸುತ್ತಾಳೆ ಎಂದು ನಾನು ಕಿವಿಗೊಟ್ಟೆ. ಅವಳು ನನ್ನನ್ನು ಪಕ್ಕಕ್ಕೆ ಸರಿಸಿ ಅಪ್ಪನ ಮುಂದೆ ನಿಂತಳು.

"ಅಪ್ಪಾ, ಹಾಗಾದ್ರೆ ನನ್ನ ಕೈ ನಿಂತಿದ್ದು ಇದರಿಂದಾನಾ? ಅಷ್ಟೂ ಕಪ್ಪುಗಳನ್ನ ಈ ಸೀಸ ಗೆದ್ದಿದ್ದಾ?"

ಮಾವ ಉತ್ತರಕ್ಕಾಗಿ ನನ್ನನ್ನು ಹುಡುಕಿದರು. ನಾನು ತಗಡಿನ ಚಾವಣಿ ನೋಡುತ್ತಾ ನಿಂತೆ. ಈ ಒಂದು ಸಲ ನಾನು ಬಾಯಿ ಬಿಡುವುದಿಲ್ಲ ಎಂದು ತೀರ್ಮಾನಿಸಿದ್ದೆ. ಅವರು ಮಗಳ ಕಡೆಗೇ ತಿರುಗಿದರು.

"ಒಂದು ವರ್ಷ ಇಟ್ಟು ತೆಗೆಯೋಣ ಅಂತಿದ್ದೆ ಪುಟ್ಟೀ. ಅಷ್ಟರಲ್ಲಿ ಕೈ ನಿಂತ್ಕೊಳ್ಳುತ್ತೆ ಅಂತ ಗುರುಗಳು ಹೇಳಿದ್ರು. ತೆಗೆಯೋಕೆ ಅಂತ ಬಂದಾಗ ನೀನು ಗೆಲ್ತಾ ಇದ್ದೆ. ಹೊಡೆಯೋ ಬಂದೂಕಿನ ಸ್ಕ್ರೂ ಮುಟ್ಟಬಾರದು ಅಂತ ಈ ಕ್ಲಬ್ಬಿನವರೇ ನನ್ನ ಬಾಗಿಲಿಂದ ಓಡಿಸಿದ್ರು."

ಇವಳಿಗೆ ನಗು ಬಂತು. ಸಣ್ಣಗೆ ಶುರುವಾಗಿ, ಭುಜ ಹಿಡಿದುಕೊಂಡು ಬೆಂಚಿನ ಮೇಲೆ ಕೂರುವಷ್ಟು ನಕ್ಕಳು. ಮೇಸ್ತ್ರಿಯೂ ನಕ್ಕ. ನಗುವಿನ ಮಧ್ಯೆ ಅವಳು ಅತ್ತದ್ದನ್ನು ನಾನೂ ನೋಡಿದೆ, ಮಾವನೂ ನೋಡಿದರು.

ನಗು ನಿಂತಿತು, ಪ್ರಶ್ನೆ ಉಳಿದಿತ್ತು. ಸೀಸವಿಲ್ಲದೆ ಆ ಕೈ ನಿಲ್ಲುತ್ತದೆಯೇ? ಮೇಸ್ತ್ರಿ ಬ್ಯಾರೆಲ್ಲನ್ನು ಮರಕ್ಕೆ ಕೂರಿಸಿ ಸ್ಕ್ರೂ ಬಿಗಿದ. ನಾವೆಲ್ಲ ಗುರಿ ಅಂಗಳಕ್ಕೆ ಹೋದೆವು. ವಾರದ ನಡುವಿನ ದಿನ, ಬೇರೆ ಯಾರೂ ಇರಲಿಲ್ಲ. ಅವಳು ಮೊಣಕೈಯನ್ನು ಸೊಂಟಕ್ಕೆ ಒತ್ತಿ ಬಂದೂಕು ಎತ್ತಿದಳು. ತುದಿ ಬಾಗಲಿಲ್ಲ. ಆದರೆ ಅಲುಗಿತು, ನನ್ನ ಕಣ್ಣಿಗೇ ಕಾಣುವಷ್ಟು. ಮೊದಲನೆಯ ಗುಂಡು ಚುಕ್ಕೆಯ ಹೊರಗೆ ಬಿಳಿಯಲ್ಲಿ ಬಿತ್ತು. ಎರಡನೆಯದೂ ಬಿಳಿಯಲ್ಲೇ. ಬಂದೂಕು ಇಳಿಸಿ ಭುಜ ಸಡಿಲಿಸಿಕೊಂಡಳು, ಉಸಿರು ತೆಗೆದುಕೊಂಡಳು. ನಾನು ಕಣ್ಣು ಮುಚ್ಚಿಕೊಂಡೆ. ಗುಂಡಿನ ಸದ್ದು ಕೇಳಿದಾಗಲೂ ತೆರೆಯಲಿಲ್ಲ.

"ಒಳಗೆ" ಅಂದರು ಮಾವ. ಅವರು ದುರ್ಬೀನು ಹಿಡಿದು ಕೂತಿದ್ದರು. ನನಗೆ ಹೇಳುತ್ತಿದ್ದಾರೆ ಅಂದುಕೊಂಡೆ. ಅಲ್ಲ, ನೇರ ಅವಳಿಗೇ ಹೇಳುತ್ತಿದ್ದರು. "ಒಳಗೆ, ಸ್ವಲ್ಪ ಎಡಕ್ಕೆ." ಮತ್ತೆ ಸದ್ದು. "ಒಳಗೆ." ಮತ್ತೆ. "ನಡುವಿಗೇ ಬಿತ್ತು ನೋಡು!"

ಕೊನೆಗೆ ಕಾಗದ ತರಿಸಿ ನೋಡಿದರೆ, ಮೊದಲಿನ ಎರಡು ಬಿಟ್ಟು ಉಳಿದ ತೂತುಗಳೆಲ್ಲ ಒಂದು ಕೋಟಿನ ಗುಂಡಿಯ ಕೆಳಗೆ ಮುಚ್ಚಿಹೋಗುವಷ್ಟು ಹತ್ತಿರ ಬಿದ್ದಿದ್ದವು. ನನ್ನ ಜೇಬಿನಲ್ಲಿ ಗುಂಡಿ ಇದ್ದೇ ಇರುತ್ತದೆ, ಇಟ್ಟು ನೋಡಿಯೇ ಹೇಳುತ್ತಿದ್ದೇನೆ. ಹಳೆಯಷ್ಟು ಬಿಗಿ ಅಲ್ಲ ಎಂದು ಅವಳು ಗೊಣಗಿದಳು. ಕೈ ಮಾತ್ರ ಅವಳದೇ ಎಂದು ಅವಳಿಗೂ ಗೊತ್ತಾಗಿತ್ತು, ಹೆಗಲು ಸಡಿಲಬಿಟ್ಟು ಹಗುರವಾಗಿ ನಡೆದ ರೀತಿಯಲ್ಲೇ ಕಾಣುತ್ತಿತ್ತು.

ಸೀಸದ ಗಟ್ಟಿಗಳನ್ನು ನಾನು ತಂದುಕೊಂಡೆ. ಕತ್ತರಿಸುವಾಗ ಬಟ್ಟೆ ಸರಿಯದಂತೆ ಮೇಲಿಡಲು ಅದಕ್ಕಿಂತ ಒಳ್ಳೆಯ ಭಾರ ಸಿಗುವುದಿಲ್ಲ. ದಪ್ಪ ಬಟ್ಟೆ ಸುತ್ತಿ ಹೊಲಿದು ಅಂಗಡಿಯ ಮೇಜಿನ ಮೇಲೆ ಇಟ್ಟಿದ್ದೇನೆ.

ಅವತ್ತು ಸಂಜೆ ಊಟಕ್ಕೆ ಕೂತಾಗ ಮಾವ ನನ್ನ ಕಡೆ ತಿರುಗಿದರು. "ಭುಜ ನೋಯ್ತಿದೆಯಾ ಅಂತ..." ಎಂದು ಶುರು ಮಾಡಿ, ನಿಲ್ಲಿಸಿ, ಮೇಜಿನ ಆಚೆ ನೋಡಿದರು.

"ಭುಜ ನೋಯ್ತಿದೆಯಾ ಪುಟ್ಟೀ?"

"ಸ್ವಲ್ಪ, ಅಪ್ಪ. ನಾಳೆ ಹೊತ್ತಿಗೆ ಸರಿ ಹೋಗುತ್ತೆ. ನೀನು ಮಾತ್ರೆ ತಗೊಂಡ್ಯಾ?"

"ಈಗ ತಗೋತೀನಿ."

ನಾನು ನಡುವೆ ಸುಮ್ಮನೆ ಕೂತು ಊಟ ಮಾಡಿದೆ. ಯಾರೂ ನನ್ನ ಹತ್ತಿರ ಏನನ್ನೂ ಹೇಳಿ ಕಳಿಸಲಿಲ್ಲ.